ಹೋಲಿಕೆಯ ಕಣ್ಣು

ರಫೂ ಅಕ್ಕ ಇನ್ನು ಹದಿನೈದು ದಿನ ಸೋಪಿನ ನೀರಿಗೆ ಕೈ ಹಾಕುವ ಹಾಗಿಲ್ಲ ಎಂದು ಮೊಲದಪ್ಪ ಊಟದ ನಡುವೆ ಹೇಳಿದಾಗ ಸೊಸೆ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು.

"ಹಾಗಾದ್ರೆ ಇಷ್ಟು ಪಾತ್ರೆ ಯಾರು ತೊಳೀತಾರೆ ಮಾವ?"

"ನೀನು ತೊಳಿ. ಕ್ರೀಮು ನಿನ್ನದು, ಕಾಗದ ಬೇಕಾಗಿರೋದೂ ನಿನಗೇ."

"ಬೆಳಗ್ಗೆಯಿಂದ ಕಲಸಿ ಕಲಸಿ ನನ್ನ ತೋಳು ಬಿದ್ದುಹೋಗಿದೆ."

"ಬಿದ್ದುಹೋದ ತೋಳಲ್ಲೇ ತೊಳಿ. ಇವಳ ತೋಳಿಗೆ ಪಟ್ಟಿ ಅಂಟಿಸಿದ ಮೇಲೆ ಒಂದು ಹನಿ ನೀರು ತಾಗಿದ್ರೂ ಪರೀಕ್ಷೆ ಕೆಟ್ಟಿತು ಅಂತಲೇ."

ರಫೂ ಅಕ್ಕ ತಲೆ ಎತ್ತಲಿಲ್ಲ. ತಟ್ಟೆಯಲ್ಲಿದ್ದ ಆಲೂಗಡ್ಡೆಯ ಕೊನೆಯ ತುಂಡನ್ನು ಅನ್ನದ ಜೊತೆ ಕಲಸಿ ಮೆಲ್ಲಗೆ ತಿಂದಳು. ಅಣ್ಣನ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅವಳ ಕೈ ಯಾವ ನೀರನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಅಷ್ಟು ವರ್ಷದಲ್ಲಿ ಯಾರೂ ಯೋಚನೆ ಮಾಡಿದ್ದಿಲ್ಲ.

ಮೊಲದಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಔಷಧಿಯನ್ನೂ ಅಲಂಕಾರದ ಸಾಮಾನನ್ನೂ ಪರೀಕ್ಷೆ ಮಾಡುವ ಕಂಪನಿಯೊಂದರ ಮೊಲದ ಕೋಣೆಯಲ್ಲಿ ಅವನು ಮೂವತ್ತೊಂದು ವರ್ಷ ದುಡಿದಿದ್ದ. ಮೊದಲು ಪಂಜರ ತೊಳೆದ, ಆಮೇಲೆ ಮೊಲ ಹಿಡಿದ, ಕೊನೆಯ ಹದಿನೆಂಟು ವರ್ಷ ಅಂಕ ಹಾಕಿದ. ಶಾಂಪೂ, ಕಣ್ರೆಪ್ಪೆಯ ಬಣ್ಣ, ಹೊಸ ಮುಲಾಮು, ಏನೇ ಬಂದರೂ ಬಿಳಿ ಮೊಲದ ಕಣ್ಣಿಗೆ ಹಾಕಿ, ಎಷ್ಟು ಕೆಂಪಾಯಿತು, ಎಷ್ಟು ಊದಿತು, ಕರಿಗುಡ್ಡೆ ಎಷ್ಟು ಮಬ್ಬಾಯಿತು ಎಂದು ಸೊನ್ನೆಯಿಂದ ನಾಲ್ಕರವರೆಗೆ ಬರೆಯುವ ಕೆಲಸ. ಅವನು ಹಾಕಿದ ಅಂಕವನ್ನು ಮೇಲಿನವರು ತಿದ್ದುತ್ತಿರಲಿಲ್ಲ. ಗೇಟಿನ ಮುಂದೆ ಜನ ಫಲಕ ಹಿಡಿದು ವಾರಗಟ್ಟಲೆ ಕೂತಮೇಲೆ ಕಂಪನಿ ಮೊಲದ ಕೋಣೆಯನ್ನು ಮುಚ್ಚಿತು, ಅವನನ್ನೂ ಮನೆಗೆ ಕಳಿಸಿತು.

ರಫೂ ಅಕ್ಕ ಅವನ ತಂಗಿ. ಗಂಡ ಸತ್ತಮೇಲೆ ಒಂದು ಟ್ರಂಕು, ಒಂದು ಸೂಜಿಪೆಟ್ಟಿಗೆ ಹಿಡಿದು ಬಂದವಳು. ಇಲಿ ಕಡಿದ ಶಾಲು, ಸಿಗರೇಟು ಸುಟ್ಟ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಕೋಟು ಅವಳ ಕೈಗೆ ಬರುತ್ತಿದ್ದವು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ತೂತಿನ ಮೇಲೆ ಒಂದೊಂದೇ ಎಳೆಯನ್ನು ಹೆಣೆದು, ಹರಿದಿತ್ತೆಂಬ ಗುರುತೇ ಇಲ್ಲದಂತೆ ರಫೂ ಮಾಡಿ ಕೊಡುವಳು. ಬೀದಿಯ ಮೂಲೆಯ ದರ್ಜಿ ವಾರಕ್ಕೆ ಐದಾರು ಬಟ್ಟೆ ಕಳಿಸುತ್ತಿದ್ದ. ಅದರಿಂದ ಬಂದ ದುಡ್ಡನ್ನು ಅವಳು ಹಾಗೇ ಸೊಸೆಯ ಕೈಗೆ ಕೊಡುತ್ತಿದ್ದಳು. ತಾನು ತಿನ್ನುವುದು ತನ್ನದೇ ಅನ್ನ ಎಂಬ ಒಂದು ಧೈರ್ಯ ಅವಳಿಗೆ ಇದ್ದದ್ದು ಆ ಸೂಜಿಯಿಂದ.

ಸೊಸೆ ಮೊದಲು ಬ್ಯೂಟಿ ಪಾರ್ಲರಿನಲ್ಲಿದ್ದಳು. ಈಗ ಅಡುಗೆಮನೆಯಲ್ಲೇ ಕ್ರೀಮು ಕಲಸಿ ಡಬ್ಬಿಗೆ ತುಂಬುತ್ತಿದ್ದಳು. ಮೊಲದಪ್ಪನ ಮಗ ತನ್ನ ಬಾಡಿಗೆ ವ್ಯಾನಿನಲ್ಲಿ ಬೇರೆಯವರ ಸಾಮಾನಿನ ಜೊತೆ ಅವನ್ನೂ ಅಂಗಡಿಗಳಿಗೆ ಮುಟ್ಟಿಸುತ್ತಿದ್ದ. ಡಬ್ಬಿಯ ಮೇಲೆ ಮೊಲದ ಚಿತ್ರ ಬರೆದು, "ಯಾವ ಪ್ರಾಣಿಯ ಮೇಲೂ ಪ್ರಯೋಗಿಸಿಲ್ಲ" ಎಂದು ದುಂಡಗೆ ಬರೆದವಳು ಅವರ ಹತ್ತನೇ ತರಗತಿಯ ಮಗಳು. ಆ ಸಾಲು ನೋಡಿಯೇ ದೊಡ್ಡ ಅಂಗಡಿಯ ಖರೀದಿಯ ಮೇಡಂ ಡಬ್ಬಿಯನ್ನು ಕೈಗೆತ್ತಿಕೊಂಡದ್ದು.

"ಪ್ರಾಣಿ ಮೇಲೆ ಮಾಡಿಲ್ಲ, ಸಂತೋಷ. ಮತ್ತೆ ಯಾರ ಮೇಲೆ ಮಾಡಿದ್ದೀರಿ?" ಎಂದು ಆಕೆ ಕೇಳಿದ್ದಳು. "ದಿನಾಂಕ, ಸಮಯ, ಏನಾಯ್ತು ಅಂತ ಒಂದು ಕಾಗದ ಬೇಕು. ಅದಿಲ್ಲದೆ ನಮ್ಮ ಕಪಾಟಿನಲ್ಲಿ ಇಡೋಕಾಗಲ್ಲ."

ಆ ಕಾಗದ ಮಾಡುವುದು ಹೇಗೆಂದು ಆ ಮನೆಯಲ್ಲಿ ಒಬ್ಬನಿಗೆ ಗೊತ್ತಿತ್ತು. ಯಾರ ಮೇಲೆ ಎಂಬ ಮಾತು ಬಂದಾಗ ಮಗ, "ನಂದು ದಿನವೆಲ್ಲ ಬೆವರು, ಪಟ್ಟಿ ನಿಲ್ಲಲ್ಲ" ಎಂದ. ಸೊಸೆ, "ನಾನು ಕಲಸೋಳು, ನನ್ನ ಕೈ ಮೊದಲೇ ಕ್ರೀಮಾಗಿದೆ" ಎಂದಳು. ಹುಡುಗಿಗೆ ಶಾಲೆಯ ಪರೀಕ್ಷೆ ಹತ್ತಿರವಿತ್ತು. ಆಮೇಲೆ ಎಲ್ಲರೂ ಕಿಟಕಿಯ ಕಡೆ ನೋಡಿದರು. ಅಲ್ಲಿ ರಫೂ ಅಕ್ಕ ಕೋಟೊಂದನ್ನು ಬೆಳಕಿಗೆ ಹಿಡಿದು ಎಳೆ ಎಣಿಸುತ್ತಿದ್ದಳು.

"ಆಗಲಿ ಬಿಡಿ," ಎಂದಳು. "ಈ ತೋಳನ್ನ ಇನ್ಯಾರು ನೋಡಬೇಕು?"

*

ಮೊದಲ ಎರಡು ವಾರ ಅವಳಿಗೆ ಹಬ್ಬವಾಯಿತು. ಆಹಾರ ದಿನವೂ ಒಂದೇ ಥರ ಇರಬೇಕೆಂದು ಮೊಲದಪ್ಪ ಕಟ್ಟು ಮಾಡಿದ. ಬೆಳಗ್ಗೆ ಹಾಲು, ಒಂದು ಬೇಯಿಸಿದ ಮೊಟ್ಟೆ. ಖಾರ ಕಡಿಮೆ. ಬಿಸಿಲಿಗೆ ಹೋಗುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ.

"ಮೊಲಕ್ಕೂ ಮೊಟ್ಟೆ ಕೊಡ್ತಿದ್ದೆಯಾ ಅಣ್ಣ?"

"ಮೊಲಕ್ಕೆ ಒಣಹುಲ್ಲು. ನಿನ್ನದು ದೊಡ್ಡ ಪುಣ್ಯ, ತಿನ್ನು."

ದಿನಾ ಹತ್ತು ಗಂಟೆಗೆ ಅವಳು ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂತು ತೋಳು ಚಾಚುವಳು. ಮೊಲದಪ್ಪ ಹತ್ತಿಯ ಪಟ್ಟಿ ಕಿತ್ತು, ಕನ್ನಡಕ ಏರಿಸಿ, ಚರ್ಮವನ್ನು ಎರಡು ಬೆರಳಲ್ಲಿ ಎಳೆದು ನೋಡುವನು. ಹುಡುಗಿ ಗೀಟು ಹಾಕಿದ ಕಾಗದ ಹಿಡಿದು ಪಕ್ಕದಲ್ಲಿ ನಿಲ್ಲುವಳು.

"ಕೆಂಪು ಒಂದು. ಊತ ಸೊನ್ನೆ."

"ತುಂಬ ತುರಿಸ್ತಿತ್ತು ಅಣ್ಣ. ನಿದ್ದೆನೇ ಬರಲಿಲ್ಲ."

"ತುರಿಕೆಗೆ ಅಂಕ ಇಲ್ಲ. ನನ್ನ ಕಣ್ಣಿಗೆ ಏನು ಕಾಣುತ್ತೋ ಅದಕ್ಕಷ್ಟೇ ಅಂಕ."

ಹುಡುಗಿ ಒಂದು ಎಂದು ಬರೆದಳು, ಸೊನ್ನೆ ಎಂದು ಬರೆದಳು. ಅವಳು ತಾತನ ಮೇಲೆ ಆ ದಿನಗಳಲ್ಲಿ ಮುನಿಸಿಕೊಂಡಿದ್ದಳು. ಶಾಲೆಯ ಭಾಷಣದ ಸ್ಪರ್ಧೆಗೆ ಪ್ರಾಣಿಗಳ ಮೇಲಿನ ಪ್ರಯೋಗ ಎಂಬ ವಿಷಯ ಕೊಟ್ಟಿದ್ದರು. ಫೋನಿನಲ್ಲಿ ಚಿತ್ರಗಳನ್ನು ನೋಡಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

"ಎಷ್ಟು ಮೊಲ ಕೊಂದಿದ್ದೀಯ ತಾತ? ನಿಜ ಹೇಳು," ಎಂದು ಒಂದು ರಾತ್ರಿ ಊಟದ ನಡುವೆ ಕೇಳಿದಳು.

"ನಾನು ಕೊಲ್ಲಲಿಲ್ಲ. ಹಿಡಿದುಕೊಂಡೆ."

"ಎರಡೂ ಒಂದೇ."

"ಒಂದೇ ಅಲ್ಲ. ಹಿಡಿಯೋದು ಕಷ್ಟ." ಅವನು ತಟ್ಟೆಯಿಂದ ಕಣ್ಣೆತ್ತಿದ. "ನೀನು ಹುಟ್ಟಿದ ವಾರವೇ ಸೂಜಿ ಚುಚ್ಚಿದ್ರಲ್ಲ, ಅದು ಮೊದಲು ಯಾರಿಗೆ ಚುಚ್ಚಿದ್ದು? ನಿಮ್ಮಪ್ಪ ಜ್ವರ ಬಂದಾಗ ನುಂಗ್ತಾನಲ್ಲ, ಅದು ಮೊದಲು ಯಾರ ಹೊಟ್ಟೆಗೆ ಹೋಯ್ತು?"

"ಔಷಧಿ ಬೇರೆ, ಲಿಪ್‌ಸ್ಟಿಕ್ಕು ಬೇರೆ."

"ಅದು ಮೊಲಕ್ಕೆ ಗೊತ್ತಾ?"

ಹುಡುಗಿ ತಟ್ಟೆ ಬಿಟ್ಟು ಎದ್ದುಹೋದಳು. ಅವಳು ಬಿಟ್ಟದ್ದನ್ನು ರಫೂ ಅಕ್ಕ ತನ್ನ ತಟ್ಟೆಗೆ ಹಾಕಿಕೊಳ್ಳಲು ಕೈ ಚಾಚಿದಾಗ ಮೊಲದಪ್ಪ ಆ ಕೈಯನ್ನು ತಡೆದ. ಅದರಲ್ಲಿ ಖಾರ ಇತ್ತು.

ಸೊಸೆ ಮಾತ್ರ ದಿನಕ್ಕೊಂದು ಸಲ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. "ರಾಣಿಯಮ್ಮನಿಗೆ ಮೊಟ್ಟೆ ಬೆಂದಿದೆ, ಬಂದು ಸ್ವೀಕರಿಸಲಿ," ಎಂದು ಅಡುಗೆಮನೆಯಿಂದ ಕೂಗುವಳು. ರಫೂ ಅಕ್ಕ ಬಂದು, ನಿಂತೇ ತಿಂದು, ಸಿಪ್ಪೆಯನ್ನು ತಾನೇ ಬಳಿದು ಹಾಕಿ ಹೋಗುವಳು. ಮೂರು ಕ್ರೀಮಿನ ಕಾಗದ ತಯಾರಾಯಿತು. ದೊಡ್ಡ ಅಂಗಡಿಯ ಮೇಡಂ ಅದನ್ನು ನೋಡಿ, ಇಷ್ಟು ಒಪ್ಪವಾಗಿ ಬರೆದದ್ದು ತಾನು ಬೇರೆಲ್ಲೂ ನೋಡಿಲ್ಲ ಎಂದಳು. ಆಮೇಲೆ, ಕಣ್ಣಿನ ಕೆಳಗಿನ ಕಪ್ಪು ಹೋಗಲಾಡಿಸುವ ಜೆಲ್ಲಿಗೂ ಇಂಥದ್ದೇ ಕಾಗದ ಬೇಕು, ಶುಕ್ರವಾರ ಬರುತ್ತೇನೆ ಎಂದಳು.

*

ಜೆಲ್ಲು ಒಂದು ಸಲ ಬೂಷ್ಟು ಕಟ್ಟಿತ್ತು. ಎರಡನೇ ಸಲ ಕಲಸುವಾಗ ಸೊಸೆ ಬೂಷ್ಟು ಬರದಿರಲು ಹಾಕುವ ಪುಡಿಯನ್ನು ಹೆಚ್ಚು ಹಾಕಿದಳು. ಅಳತೆಯ ಚಿಕ್ಕ ಚಮಚ ಸಿಂಕಿನಲ್ಲಿ ಎಂಜಲು ಪಾತ್ರೆಗಳ ಕೆಳಗೆಲ್ಲೋ ಇತ್ತು. ಕೈಗೆ ಸಿಕ್ಕ ಊಟದ ಚಮಚದಲ್ಲೇ ಎತ್ತಿ ಹಾಕಿದಳು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಅಲ್ಲವೆಂದೇ ಅವಳಿಗೆ ತೋರಿತ್ತು.

ಸೋಮವಾರ ಬೆಳಗ್ಗೆ ಬ್ರೆಡ್ಡು ತಿನ್ನುವಾಗ ಮೊಲದಪ್ಪ, "ಇವತ್ತು ಕಣ್ಣಿಗೆ ಹಾಕೋಣ" ಎಂದ.

"ಕಣ್ಣಿನ ಕೆಳಗೆ ಹಚ್ಚೋದಪ್ಪ ಅದು," ಎಂದ ಮಗ. "ಒಳಗೆ ಯಾಕೆ?"

"ಹಚ್ಚಿಕೊಂಡು ಮಲಗ್ತಾರೆ. ದಿಂಬಿಗೆ ಉಜ್ಜಿ ಒಳಗೆ ಹೋಗುತ್ತೆ. ಯಾರದೋ ಮಗಳ ಕಣ್ಣು ಹೋದ ಮೇಲೆ ಗೊತ್ತಾಗೋದಕ್ಕಿಂತ ಇವತ್ತೇ ಗೊತ್ತಾಗಲಿ. ಅದಕ್ಕೇ ಅಲ್ವಾ ಪರೀಕ್ಷೆ ಅನ್ನೋದು?"

ಸಿಂಕಿನ ಮುಂದೆ ಸೊಸೆಯ ಕೈ ಒಂದು ಗಳಿಗೆ ನಿಂತಿತು. ಹೊಸದಾಗಿ ಕಲಸಿ, ಆರಿಸಿ, ತುಂಬಲು ನಾಲ್ಕು ದಿನ ಬೇಕು. ಶುಕ್ರವಾರಕ್ಕೆ ಇದ್ದದ್ದೇ ನಾಲ್ಕು ದಿನ, ಪರೀಕ್ಷೆಗೆ ದಿನ ಉಳಿಯುತ್ತಿರಲಿಲ್ಲ. ಅವಳು ನಲ್ಲಿಯನ್ನು ಜೋರಾಗಿ ಬಿಟ್ಟಳು.

"ನಿಂಗೆ ಭಯ ಆಗುತ್ತಾ ಅತ್ತೆ?" ಎಂದು ಮಗ ಕೇಳಿದ.

"ನಿಮ್ಮಪ್ಪ ಇದ್ದಾನಲ್ಲ," ಎಂದಳು ರಫೂ ಅಕ್ಕ.

ಹತ್ತು ಗಂಟೆಗೆ ಅವಳು ಸ್ಟೂಲಿನಲ್ಲಿ ಕೂತಳು. ಮೊಲದಪ್ಪ ಹಿಂದೆ ನಿಂತು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡ. ಅವನ ಎಡಗೈಗೆ ಮೊಲದ ಕೋಣೆಯ ಅಭ್ಯಾಸ ತಾನಾಗಿ ಬಂತು. ಕೆಳರೆಪ್ಪೆಯನ್ನು ಚಿವುಟಿ ಹಿಡಿದು ಬಟ್ಟಲಿನಂತೆ ಮುಂದಕ್ಕೆಳೆದ. ಬಲಗೈಯಲ್ಲಿ ಹನಿ ಬಿಟ್ಟ. ಎರಡೂ ರೆಪ್ಪೆ ಸೇರಿಸಿ ಒಂದು ಸೆಕೆಂಡು ಅದುಮಿ ಹಿಡಿದ.

"ಎಡಗಣ್ಣು, ಹತ್ತು ಗಂಟೆ ಐದು ನಿಮಿಷ. ಬಲಗಣ್ಣು ಹಾಗೇ. ಅದು ಹೋಲಿಕೆಗೆ," ಎಂದ. ಹುಡುಗಿ ಎರಡು ಸಾಲು ಮಾಡಿ ಬರೆದುಕೊಂಡು ಹತ್ತೂವರೆಯ ಶಾಲೆಗೆ ಓಡಿದಳು.

"ಉರೀತಿದೆ ಅಣ್ಣ."

"ಉರಿಯುತ್ತೆ."

"ತುಂಬ ಉರೀತಿದೆ. ತೊಳೆದುಬಿಡ್ಲಾ?"

"ಇಪ್ಪತ್ತನಾಲ್ಕು ಗಂಟೆ ತೊಳೆಯೋ ಹಾಗಿಲ್ಲ. ಅದು ನಿಯಮ. ನಾಳೆ ಹತ್ತೂ ಐದಕ್ಕೆ ನಾನೇ ತೊಳೀತೀನಿ."

ಅದು ಮೊಲಕ್ಕೆ ಇದ್ದ ನಿಯಮ. ಮೊಲದಪ್ಪನಿಗೆ ಬೇರೆ ನಿಯಮ ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಅವನು ಒಂದು ದಿನವೂ ತಪ್ಪಿ ನಡೆದವನಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಎಡಗಣ್ಣು ಮುಚ್ಚಿಹೋಗಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕೈ ತಾನಾಗಿ ಮೇಲೇಳುವುದೆಂದು ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಸೊಸೆ ತಟ್ಟೆ ಇಟ್ಟು, ಅವಳ ಮುಖ ನೋಡದೆ ಒಳಗೆ ಹೋದಳು. ಸಂಜೆ ಹುಡುಗಿ ಬ್ಯಾಗು ಇಳಿಸುತ್ತಲೇ ನೋಡಿ, "ತಾತ, ಚಿಕ್ಕಜ್ಜಿ ಕಣ್ಣು ಹೇಗೋ ಆಗಿದೆ" ಎಂದಳು.

ಮೊಲದಪ್ಪ ಟಾರ್ಚು ಹಿಡಿದು ರೆಪ್ಪೆ ಬಿಡಿಸಿದ. "ಕೆಂಪು ಮೂರು. ಊತ ಎರಡು. ಕರಿಗುಡ್ಡೆ..." ಸ್ವಲ್ಪ ಹೊತ್ತು ನೋಡಿದ. "ಒಂದು ಅಂತ ಬರಿ."

"ತೊಳೆಯೋಣ ಅಣ್ಣ. ನಿನ್ನ ಕಾಲು ಹಿಡೀತೀನಿ."

"ಈಗ ತೊಳೆದ್ರೆ ಇಷ್ಟು ಹೊತ್ತು ತಡೆದಿದ್ದು ಮಣ್ಣಾಯ್ತು. ಮತ್ತೆ ಮೊದಲಿಂದ ಇನ್ನೊಂದು ಕಣ್ಣಿಗೆ ಹಾಕಬೇಕು. ಬೇಕಾ?"

ಅವಳು ಬೇಡವೆಂದು ತಲೆಯಾಡಿಸಿದಳು. ಇನ್ನೊಂದು ಕಣ್ಣಿಗಾಗಿ ಅವಳು ಆ ರಾತ್ರಿಯನ್ನು ತಡೆದುಕೊಂಡಳು. ಕೂಗಲಿಲ್ಲ. ಕೂಗದಿದ್ದರಿಂದ ಮನೆಯವರೆಲ್ಲ ಮಲಗಿದರು.

ಮರುದಿನ ಹತ್ತೂ ಐದಕ್ಕೆ ಸರಿಯಾಗಿ ಮೊಲದಪ್ಪ ಕುದಿಸಿ ಆರಿಸಿದ ನೀರಿನಲ್ಲಿ ಆ ಕಣ್ಣನ್ನು ತೊಳೆದ. ಮೂರು ಸಲ ತೊಳೆದ. ಕರಿಗುಡ್ಡೆಯ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿತ್ತು.

"ನನ್ನ ಬೆರಳು ಎಷ್ಟು ಹೇಳು."

"ಬೆರಳು ಎಲ್ಲಿದೆ ಅಣ್ಣ?"

ಅವನು ಟಾರ್ಚು ಆರಿಸಿದ. ಕಾಗದ ಹಿಡಿದು ನಿಂತಿದ್ದ ಹುಡುಗಿಗೆ, "ಮೂರು" ಎಂದ. ಬುಧವಾರ "ನಾಲ್ಕು" ಎಂದ. ನಾಲ್ಕರ ಮೇಲೆ ಅಂಕ ಇರಲಿಲ್ಲ.

*

"ಏನು ಹಾಕಿದ್ದೆ ಅದರಲ್ಲಿ?" ಎಂದು ಅವನು ಸೊಸೆಯನ್ನು ಕೇಳಿದ್ದು ಬುಧವಾರ ಮಧ್ಯಾಹ್ನ. ರಫೂ ಅಕ್ಕ ಅಲ್ಲೇ ನೆಲದ ಮೇಲೆ ಕೂತು ಬೇಳೆ ಆರಿಸುತ್ತಿದ್ದಳು.

"ಯಾವಾಗಲೂ ಹಾಕೋದೇ."

"ಬೂಷ್ಟಿನ ಪುಡಿ ಎಷ್ಟು?"

"ಒಂದು ಚಮಚ."

"ಯಾವ ಚಮಚ?"

ಸ್ಟ್ಯಾಂಡಿನಲ್ಲಿದ್ದ ಊಟದ ಚಮಚದ ಕಡೆ ಸೊಸೆಯ ಕಣ್ಣು ಹೋಯಿತು. ಮೊಲದಪ್ಪ ಅದನ್ನೆತ್ತಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿದ.

"ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆಯಾ?"

"ನೀವು ಒಳಗೆ ಹಾಕ್ತೀರಿ ಅಂತ ನಾನು ಕಲಸೋವಾಗ ಕನಸು ಕಂಡಿದ್ನಾ? ಹಾಕಿದ್ರಿ ಸರಿ, ಉರಿ ಉರಿ ಅಂತ ಅವರು ಅಂಗಲಾಚಿದ್ರಲ್ಲ, ಎರಡು ಚೊಂಬು ನೀರು ಹಾಕೋಕೆ ನಿಮಗೇನಾಗಿತ್ತು? ಬೀದಿಯಲ್ಲಿ ಆಡೋ ಮಗುಗೂ ಗೊತ್ತು, ಕಣ್ಣಿಗೆ ಏನಾದ್ರೂ ಬಿದ್ರೆ ತೊಳೀಬೇಕು ಅಂತ."

"ನಿಯಮ..."

"ನಿಮ್ಮ ನಿಯಮ ಮೊಲಕ್ಕೆ ಮಾವ. ಮೊಲಕ್ಕೆ."

ರಫೂ ಅಕ್ಕ ಒಂದು ಕಲ್ಲನ್ನು ಬೆರಳಲ್ಲಿ ಹಿಡಿಯಲು ಹೋಗಿ, ಅದರ ಪಕ್ಕದ ಬೇಳೆಕಾಳನ್ನು ಎತ್ತಿ ಆಚೆ ಹಾಕಿದಳು. "ಜಗಳ ಆಡಬೇಡಿ," ಎಂದಳು. "ಒಂದು ವಾರದಲ್ಲಿ ತಿಳಿಯಾಗಬಹುದು."

ಶುಕ್ರವಾರ ಮೇಡಂ ಬರುವ ಮೊದಲು ರಫೂ ಅಕ್ಕನನ್ನು ಖಾಲಿ ಡಬ್ಬಿಗಳ ರಟ್ಟಿನ ಪೆಟ್ಟಿಗೆ ಇಟ್ಟ ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದರು. ಕೆಟ್ಟ ಜೆಲ್ಲನ್ನು ಸೊಸೆ ಆಗಲೇ ಚರಂಡಿಗೆ ಸುರಿದು, ಸರಿಯಾದ ಅಳತೆಯಲ್ಲಿ ಹೊಸದು ಕಲಸಿ ಆರಲು ಇಟ್ಟಿದ್ದಳು. ಕಾಗದ ಮಾತ್ರ ಉಳಿದಿತ್ತು.

"ಆ ನಾಲ್ಕನ್ನ ಸೊನ್ನೆ ಮಾಡಿ ಮಾವ. ಈಗಿನ ಜೆಲ್ಲಿಗೂ ಅದಕ್ಕೂ ಸಂಬಂಧನೇ ಇಲ್ಲ."

"ನಾನು ಹಾಕಿದ ಅಂಕ ತಿದ್ದಲ್ಲ. ಹದಿನೆಂಟು ವರ್ಷ ತಿದ್ದಿಲ್ಲ. ತಿದ್ದೋದಾದ್ರೆ ಅಷ್ಟು ಜೀವ ಯಾಕೆ ತೆಗೀಬೇಕಿತ್ತು?"

ಮಗ ಗಡಿಯಾರ ನೋಡಿದ. "ಅಪ್ಪ, ಈ ಒಂದು ಅಂಗಡಿ ಸಿಕ್ರೆ ನಾನು ಇನ್ನೊಬ್ಬರ ಸಾಮಾನು ಹೊರೋದು ತಪ್ಪುತ್ತೆ."

"ಸುಳ್ಳು ಬರೆಯಲ್ಲ ಅಂದೆ."

ಸೊಸೆ ಮಗಳ ಕೈಯಿಂದ ಕಾಗದ ಕಿತ್ತುಕೊಂಡು ಓದಿದಳು. ಎಡಗಣ್ಣಿನ ಸಾಲಿನಲ್ಲಿ ಒಂದು, ಮೂರು, ನಾಲ್ಕು. ಅದರ ಕೆಳಗೆ ಬಲಗಣ್ಣಿನ ಸಾಲು. ಅದರಲ್ಲಿ ಉದ್ದಕ್ಕೂ ಸೊನ್ನೆ, ಸೊನ್ನೆ, ಸೊನ್ನೆ.

"ಈ ಕೆಳಗಿನ ಸಾಲು ಯಾರು ಹೇಳಿ ಬರೆಸಿದ್ದು?"

"ನಾನೇ."

"ಸುಳ್ಳಾ?"

"ಸುಳ್ಳಲ್ಲ. ಅದು ಹೋಲಿಕೆಯ ಕಣ್ಣು. ಅದಕ್ಕೆ ಹಾಕೇ ಇಲ್ಲ."

"ಹಾಕಿದ್ದೀರೋ ಇಲ್ವೋ ಅಂತ ಅವರು ಕೇಳಲ್ಲ. ಕಣ್ಣು ಹೇಗಿದೆ ಅಂತ ಕೇಳ್ತಾರೆ. ಪುಟ್ಟಿ, ಹೊಸ ಹಾಳೆ ತಗೋ. ಬರೀ ಈ ಸಾಲು ಬರಿ."

ಹುಡುಗಿ ತಾತನ ಮುಖ ನೋಡಿದಳು. ತಾತ ಗೋಡೆ ನೋಡುತ್ತಿದ್ದ. ಅವಳು ಹೊಸ ಹಾಳೆಗೆ ಗೀಟು ಹಾಕಿ, ಸೊನ್ನೆಗಳನ್ನು ದುಂಡಗೆ ಬರೆದಳು. ಕೆಳಗೆ ಮೊಲದಪ್ಪ ಸಹಿ ಹಾಕಿದ. ಹಾಕುವ ಮೊದಲು ಒಂದೊಂದೇ ಸೊನ್ನೆಯನ್ನು ಬೆರಳಿಟ್ಟು ನೋಡಿದ. ಯಾವುದೂ ತಪ್ಪಾಗಿರಲಿಲ್ಲ.

ಮೇಡಂ ಜೆಲ್ಲನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದಳು, ಕಾಗದವನ್ನು ಕಡತಕ್ಕೆ ಸೇರಿಸಿದಳು. ರಫೂ ಅಕ್ಕ ಒಳಗಿನಿಂದ ಒಮ್ಮೆ ಕೆಮ್ಮಿದಳು. "ನಮ್ಮ ಅತ್ತೆ. ನೆಗಡಿ," ಎಂದಳು ಸೊಸೆ.

ಮಗ ರಫೂ ಅಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಮುಂದಿನ ಮಂಗಳವಾರ. ವ್ಯಾನು ಅಂದು ಖಾಲಿಯಿತ್ತು.

"ಏನು ಬಿತ್ತು ಕಣ್ಣಿಗೆ?" ಎಂದು ಡಾಕ್ಟರು ಕೇಳಿದರು.

"ನೆಲ ತೊಳೆಯೋ ಪುಡಿ," ಎಂದಳು ರಫೂ ಅಕ್ಕ. ಹಾಗೆ ಹೇಳಬೇಕೆಂದು ದಾರಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

"ಯಾವಾಗ ತೊಳೆದ್ರಿ?"

"ಮಾರನೇ ದಿನ."

ಡಾಕ್ಟರು ಲೈಟು ಪಕ್ಕಕ್ಕೆ ಸರಿಸಿ ಅವಳನ್ನೇ ನೋಡಿದರು. "ಮಾರನೇ ದಿನವಾ? ತಕ್ಷಣ ತೊಳೆದಿದ್ರೆ ನಾಲ್ಕು ದಿನ ಕೆಂಪಾಗಿದ್ದು ಹೋಗ್ತಿತ್ತು ಅಮ್ಮ. ನೀರು ಇರಲಿಲ್ವಾ ಮನೇಲಿ?"

"ಇತ್ತು," ಎಂದಳು.

*

ಪಟ್ಟೆ ಪಟ್ಟೆಯ ಕೋಟೊಂದನ್ನು ಹಿಡಿದು ದರ್ಜಿ ತಾನೇ ಬಂದ. ಯಾವಾಗಲೂ ಹುಡುಗರ ಕೈಲಿ ಕಳಿಸುವವನು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಪಟ್ಟೆ ಸೇರಿಲ್ಲ."

ಅವಳು ಕೋಟನ್ನು ಕಿಟಕಿಗೆ ಹಿಡಿದು, ತಲೆ ಓರೆ ಮಾಡಿ ನೋಡಿದಳು. ತೂತು ಮುಚ್ಚಿತ್ತು. ಆದರೆ ಬಿಳಿಪಟ್ಟೆ ಅಲ್ಲಿಗೆ ಬಂದು ಒಂದು ನೂಲಿನಷ್ಟು ಮುರಿದು ಮುಂದೆ ಹೋಗಿತ್ತು. ಬೆರಳಾಡಿಸಿದರೆ ಗಂಟು ಸಿಗುತ್ತಿತ್ತು.

"ಬಿಚ್ಚಿ ಮತ್ತೆ ಮಾಡ್ತೀನಿ ತಮ್ಮ."

"ಬೇಡ ಅಕ್ಕ. ಕೋಟಿನವರೂ ನೋಡಿಬಿಟ್ರು." ಅವನು ಮೂಲೆಯಲ್ಲಿದ್ದ ಉಳಿದ ಬಟ್ಟೆಗಳನ್ನೂ ಒಂದೊಂದಾಗಿ ಎತ್ತಿ ತೋಳಿಗೆ ಹಾಕಿಕೊಂಡ. "ಕಣ್ಣು ವಾಸಿಯಾಗಲಿ. ಆಮೇಲೆ ನಾನೇ ತಂದುಕೊಡ್ತೀನಿ."

ವಾಸಿಯಾಗುವ ಕಣ್ಣಲ್ಲ ಅದು ಎಂದು ಅವಳು ಹೇಳಲಿಲ್ಲ. ಸೂಜಿಪೆಟ್ಟಿಗೆಯನ್ನು ಮುಚ್ಚಿ ಟ್ರಂಕಿನ ಅಡಿಯಲ್ಲಿಟ್ಟಳು.

ಪರೀಕ್ಷೆ ಮುಗಿದದ್ದರಿಂದ ಮೊಟ್ಟೆ ನಿಂತಿತು, ಪಾತ್ರೆ ಮತ್ತೆ ಅವಳ ಪಾಲಿಗೆ ಬಂತು. ಮೂರನೇ ದಿನ, ತೊಳೆದ ಗಾಜಿನ ಬಟ್ಟಲನ್ನು ಕಟ್ಟೆಯ ಮೇಲಿಟ್ಟೆನೆಂದುಕೊಂಡು ಕಟ್ಟೆಯ ಅಂಚಿನಾಚೆ ಇಟ್ಟಳು. ಎರಡು ದಿನ ಬಿಟ್ಟು ಒಂದು ತಟ್ಟೆಯೂ ಹೋಯಿತು. ಹಾಲನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದಳು.

"ಹೊಲಿಗೆ ಆಗಲ್ಲ, ಪಾತ್ರೆ ಆಗಲ್ಲ, ಹಾಲು ಬಗ್ಗಿಸೋಕೂ ಆಗಲ್ಲ," ಎಂದಳು ಸೊಸೆ, ರಾತ್ರಿಯ ಊಟ ಬಡಿಸುತ್ತ. ಸಿಟ್ಟಿನಲ್ಲಿ ಹೇಳಲಿಲ್ಲ, ಮನೆಯಲ್ಲಿ ಏನೇನು ಮುಗಿದಿದೆ ಎಂದು ಹೇಳುವ ಧಾಟಿಯಲ್ಲೇ ಹೇಳಿದಳು. "ಮತ್ತೇನಾಗುತ್ತೆ ಇವರ ಕೈಲಿ ಅಂತ ನನಗೆ ಗೊತ್ತಾಗ್ತಿಲ್ಲ."

"ಊಟದ ಹೊತ್ತಲ್ಲಿ ಯಾಕೆ ಇದೆಲ್ಲ?" ಎಂದ ಮಗ.

"ಊಟದ ಹೊತ್ತಲ್ಲೇ ನೆನಪಾಗೋದು ರೀ. ಐದು ತಟ್ಟೆ ಇಡ್ತೀನಲ್ಲ."

ಮೊಲದಪ್ಪ ಬಾಯಿ ತೆರೆದ, ಮತ್ತೆ ಒಂದು ತುತ್ತು ಹಾಕಿಕೊಂಡ. ಅವನಿಗೆ ಬರುತ್ತಿದ್ದ ಅಷ್ಟಿಷ್ಟು ಪೆನ್ಷನ್ನೂ ಸೊಸೆಯ ಕೈಯಲ್ಲೇ ಇತ್ತು.

ಅದೇ ವಾರ ಹುಡುಗಿ ಭಾಷಣದಲ್ಲಿ ಮೊದಲ ಬಹುಮಾನ ತಂದಳು. ಕಪ್ಪನ್ನು ಟಿವಿಯ ಮೇಲಿಟ್ಟರು. ರಫೂ ಅಕ್ಕ ಅದನ್ನು ತಡವಿ ನೋಡಿ, "ಏನು ಹೇಳಿದೆ ಅಂತ ನನಗೂ ಒಂದು ಸಲ ಹೇಳು ಪುಟ್ಟಿ" ಎಂದಳು.

ಹುಡುಗಿ ನೆಟ್ಟಗೆ ನಿಂತು ಹೇಳಿದಳು. "ಅವಕ್ಕೆ ಮಾತು ಬರುವುದಿಲ್ಲ. ನೋವಾಗುತ್ತಿದೆ, ಬಿಟ್ಟುಬಿಡಿ ಎಂದು ಅವು ಕೇಳಲಾರವು. ಕೇಳಿದ್ದರೆ ಯಾವ ಮನುಷ್ಯನ ಕೈ ತಾನೇ ಮುಂದೆ ಬರುತ್ತಿತ್ತು?"

"ಚೆನ್ನಾಗಿದೆ," ಎಂದಳು ರಫೂ ಅಕ್ಕ. "ಕಣ್ಣಿಗೆ ಕಟ್ಟೋ ಹಾಗೆ ಹೇಳಿದೆ."

ಹುಡುಗಿಯ ಮುಖ ಅರೆಗಳಿಗೆ ಹೇಗೋ ಆಯಿತು. ಆಮೇಲೆ ಫೋನು ಬಂತು, ಎತ್ತಿಕೊಂಡು ಹೊರಗೆ ಹೋದಳು.

ದೊಡ್ಡ ಅಂಗಡಿಯಲ್ಲಿ ಜೆಲ್ಲು ಚೆನ್ನಾಗಿ ಹೋಯಿತು. ಯಾರ ಕಣ್ಣಿಗೂ ಏನೂ ಆಗಲಿಲ್ಲ. ತಿಂಗಳು ಕಳೆಯುವುದರೊಳಗೆ ಮೇಡಂ ಇನ್ನೊಂದು ಕೇಳಿದಳು. ರೆಪ್ಪೆಗೂದಲು ದಟ್ಟವಾಗಿ ಬೆಳೆಯಲು ಹಚ್ಚುವ ಎಣ್ಣೆ. ಮಾದರಿಯ ಜೊತೆ, ಹೋದ ಸಲದಂಥದ್ದೇ ಒಪ್ಪವಾದ ಕಾಗದ.

"ಕಣ್ಣಿನ ಮಾತು ನನ್ನ ಹತ್ತಿರ ಎತ್ತಬೇಡಿ," ಎಂದ ಮೊಲದಪ್ಪ. "ಇನ್ನು ನಾನು ಯಾರ ಕಣ್ಣೂ ಹಿಡಿಯಲ್ಲ."

"ಹೋದ ಸಲದ ಥರ ಸೊನ್ನೆ ಬರೆದುಕೊಡಿ ಸಾಕು, ಹಿಡೀಬೇಡಿ."

"ನೋಡದೆ ಬರೆಯಲ್ಲ."

ಆ ಮಾತು ಅಲ್ಲಿಗೆ ನಿಂತಿತು. ಮರುದಿನ ಬೆಳಗ್ಗೆ ಅವನು ಹಲ್ಲುಜ್ಜಿ ಬಂದಾಗ ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ರಫೂ ಅಕ್ಕ ಕೂತಿದ್ದಳು. ಮುಖ ತೊಳೆದು, ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿಕೊಂಡಿದ್ದಳು. ಯಾರೂ ಕರೆದಿರಲಿಲ್ಲ.

"ಏನು?" ಎಂದ.

"ಎಣ್ಣೆ ತಯಾರಾಗಿದೆಯಂತಲ್ಲ."

"ಎದ್ದೇಳು."

"ಈ ಕಡೆ ಕಣ್ಣಿಗೇ ಹಾಕಿಬಿಡು ಅಣ್ಣ. ಹೇಗೂ ಕಾಣಲ್ಲ."

"ಕೆಟ್ಟ ಕಣ್ಣಲ್ಲಿ ಏನು ನೋಡೋದು? ಅದರಲ್ಲಿ ಏನೂ ಗೊತ್ತಾಗಲ್ಲ. ಚೆನ್ನಾಗಿರೋ ಕಣ್ಣು..." ಬಾಯಿಂದ ಬಂದುಬಿಟ್ಟ ಮೇಲೆ ಅವನು ನಿಲ್ಲಿಸಿದ.

"ಸರಿ, ಇದಕ್ಕೇ ಹಾಕು," ಎಂದಳು, ಬಲಗಣ್ಣಿನ ಕಡೆ ಕೈ ಮಾಡಿ.

"ಎದ್ದೇಳು ಅಂದೆನಲ್ಲ. ನಿನಗೇನು ತಲೆ ಕೆಟ್ಟಿದೆಯಾ?"

"ಎದ್ದು ಏನು ಮಾಡ್ಲಿ ಅಣ್ಣ? ಅದೊಂದು ಹೇಳು, ಎದ್ದೇಳ್ತೀನಿ."

ಏನೂ ಮಾಡಬೇಡ, ಸುಮ್ಮನೆ ಇರು, ಹೊತ್ತಿಗೆ ಬಂದು ಊಟ ಮಾಡು ಎನ್ನಬಹುದಿತ್ತು. ಬಾಗಿಲಲ್ಲಿ ಮಗ ಶೂ ಹಾಕಿಕೊಳ್ಳುತ್ತಿದ್ದ, ಅವನೂ ಅನ್ನಬಹುದಿತ್ತು. ಅವನು ಲೇಸು ಬಿಚ್ಚಿ ಮತ್ತೆ ಕಟ್ಟಿದ, ವ್ಯಾನಿನ ಬೀಗದ ಕೈ ಎಲ್ಲಿ ಎಂದು ಯಾರನ್ನೋ ಕೇಳಿದ, ಹೊರಟುಹೋದ. ಮೊಲದಪ್ಪ ಬಚ್ಚಲಿಗೆ ಹೋಗಿ, ಉಜ್ಜಿದ ಹಲ್ಲನ್ನೇ ಮತ್ತೆ ಉಜ್ಜಲು ಶುರುಮಾಡಿದ.

ಸೊಸೆ ಒಂದು ಬಟ್ಟಲು ನೀರು, ಎಣ್ಣೆಯ ಸೀಸೆ, ಡ್ರಾಪರ್ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಇದರಲ್ಲಿ ಕೆಟ್ಟದ್ದೇನೂ ಇಲ್ಲ ಅತ್ತೆ. ಬರೀ ಎಣ್ಣೆ. ಅರ್ಧ ಗಂಟೆ ಬಿಟ್ಟು ತೊಳೆದುಬಿಡೋಣ," ಎಂದಳು. "ಪುಟ್ಟಿ, ಕಾಗದ ತಗೊಂಡು ಬಾ."

ಮಾವ ಮಾಡುತ್ತಿದ್ದುದನ್ನು ಅವಳು ನೋಡಿದ್ದಳು. ಕೆಳರೆಪ್ಪೆಯನ್ನು ಹಿಡಿದು ಎಳೆದಳು. ಕೈಗೆ ಅಭ್ಯಾಸವಿರಲಿಲ್ಲ, ಉಗುರು ತಾಗಿತು. ರಫೂ ಅಕ್ಕ ಅವಳ ಕೈಯನ್ನು ಮೆಲ್ಲಗೆ ಸರಿಸಿ, "ನೀನು ಹನಿ ಬಿಡು, ನಾನು ಹಿಡ್ಕೋತೀನಿ" ಎಂದಳು. ತಲೆಯನ್ನು ಹಿಂದಕ್ಕೆ ಒರಗಿಸಿ, ತನ್ನ ಬೆರಳಿನಿಂದಲೇ ಬಲಗಣ್ಣನ್ನು ಅಗಲಿಸಿ ಹಿಡಿದಳು. ಹನಿ ಬಿತ್ತು. ಅವಳು ರೆಪ್ಪೆ ಸೇರಿಸಿ, ಒಂದು ಸೆಕೆಂಡು ಅದುಮಿದಳು.

ಬಚ್ಚಲಲ್ಲಿ ನಲ್ಲಿ ಸುರಿಯುತ್ತಲೇ ಇತ್ತು.

"ಉರೀತಿದೆಯಾ ಅತ್ತೆ?"

ಸ್ಟೂಲಿನ ಅಂಚನ್ನು ಹಿಡಿದ ಅವಳ ಬೆರಳುಗಳ ತುದಿಗಳು ಬಿಳಿಚಿಕೊಂಡಿದ್ದವು.

"ಇಲ್ಲಮ್ಮ," ಎಂದಳು ರಫೂ ಅಕ್ಕ.

ಹುಡುಗಿ ಅದನ್ನು ಬರೆದುಕೊಂಡಳು.